ಎಂಟರ್ ಒತ್ತಿದ ಬೆರಳು

ಏಸಿಯ ತಣ್ಣನೆ ಗಾಳಿಯಲ್ಲಿ ಚೆಂಡು ಹೂವಿನ ವಾಸನೆ ಬೇರೆಯೇ ಥರ ಬರುತ್ತದೆ. ದೇವರ ಮನೆಯಲ್ಲಿ ಬರುವ ಹಾಗಲ್ಲ. ಸ್ವಲ್ಪ ಕಹಿ, ಸ್ವಲ್ಪ ಔಷಧಿಯಂಥದು, ಬಂದು ಮೂಗಿನಲ್ಲೇ ಕೂತುಬಿಡುತ್ತದೆ. ಈ ಸಲ ಖಂಡೇನವಮಿಯ, ಅಂದರೆ ಆಯುಧಪೂಜೆಯ, ಮಧ್ಯಾಹ್ನ ಸಂಭಾಜಿನಗರದ ಹತ್ತಿರದ ಬಿಡಕಿನ್‌ನ ನಮ್ಮ ಹೊಸ ಕಾರ್ಖಾನೆಯಲ್ಲಿ ಸರ್ವರ್ ರೂಮಿನ ಬಾಗಿಲು ತೆಗೆದೆ, ಅದೇ ವಾಸನೆ ಬಂತು. ಯಾರೋ ಸರ್ವರ್ ಕಪಾಟಿಗೆ ದಪ್ಪ ಹಾರ ಹಾಕಿ, ಕುಂಕುಮ ಹಚ್ಚಿ, ಫೋಟೋ ತೆಗೆದುಕೊಂಡು ಹೋಗಿದ್ದರು. ಸ್ವಲ್ಪ ಹೊತ್ತಿಗೆ ಆ ಫೋಟೋ ಕಂಪನಿಯ ಎಲ್ಲರಿಗೂ ಮೇಲ್‌ನಲ್ಲಿ ಬಂತು. ಕೆಳಗೆ ಬಣ್ಣದ ಅಕ್ಷರದಲ್ಲಿ, ಯಂತ್ರವನ್ನು ಪೂಜಿಸುವುದು ನಮ್ಮ ಸಂಸ್ಕೃತಿ ಎಂದು ಬರೆದಿತ್ತು.

ನನಗೆ ಮೈ ಉರಿದುಹೋಯಿತು. ಸಂಸ್ಕೃತಿಯಂತೆ! ಇದೇ ಪೂಜೆ ಮಾಡಿದ್ದಕ್ಕೆ ಇದೇ ಕಂಪನಿ ನಾಸಿಕ್‌ನಲ್ಲಿ ಒಬ್ಬ ಮನುಷ್ಯನನ್ನು ಕಳ್ಳನ ಹಾಗೆ ಗೇಟಿನ ಹೊರಗೆ ನಿಲ್ಲಿಸಿತ್ತು... ಆ ಮನುಷ್ಯನ ವಿಷಯ ಯಾವ ಮೇಲ್‌ನಲ್ಲೂ ಬಂದಿಲ್ಲ, ಬರುವುದೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ನಾಸಿಕ್ ಕಾರ್ಖಾನೆಯ ಸರ್ವರ್‌ಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಗದಗ ಕಡೆಯವರು, ಇಂಜಿನಿಯರಿಂಗ್ ಓದಿ ಕೆಲಸಕ್ಕೆಂದು ಬಂದವರು ಅಲ್ಲೇ ಬೇರು ಬಿಟ್ಟಿದ್ದರು. ನಾನು ಅವರ ಕೈಕೆಳಗೆ ಟ್ರೇನಿಯಾಗಿ ಸೇರಿದ ದಿನ ನನ್ನ ಅಡ್ಡಹೆಸರು ಓದಿ, “ಎಲ್ಲಿಯಾಕಿವಾ ನೀನು?” ಅಂದರು. ಅಪ್ಪ ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್, ಊರು ಮುಧೋಳದ ಕಡೆ, ನಾನು ಹುಟ್ಟಿದ್ದು ಬೆಳೆದದ್ದು ಇಲ್ಲೇ ಅಂತ ಹೇಳಿದೆ. ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. “ಅರ್ಧಾ ಮರಾಠಿ, ಕಾಲ ಹಿಂದಿ. ಉಳದದ್ದು ಕನ್ನಡ, ಅದೂ ಉಪ್ಪಿಲ್ಲದ್ದು!” ಅಂದಿನಿಂದ ಸರ್ವರ್ ರೂಮಿನಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಿದರೆ ನನಗೆ ಚಹಾ ಇಲ್ಲ ಅಂತ ಕಾನೂನು ಮಾಡಿಬಿಟ್ಟರು. ಇವತ್ತು ನಾನು ಇಷ್ಟು ಕನ್ನಡ ಬರೆಯುತ್ತಿದ್ದರೆ ಆ ಚಹಾದ ಆಸೆಯೇ ಕಾರಣ.

ಕಾಕಾ ಬಡಪಾಯಿ, ಮೆತ್ತಗಿನ ಮನುಷ್ಯ ಅಂತ ಮಾತ್ರ ತಿಳಿಯಬೇಡಿ. ಜಂಬ ಧಾರಾಳವಾಗಿತ್ತು. ಮೀಸೆಗೆ ಬಣ್ಣ ಹಚ್ಚುತ್ತಿದ್ದರು. ಇಡೀ ನಾಸಿಕ್‌ನಲ್ಲಿ ತನ್ನಷ್ಟು ಚೆಂದ ಸರ್ವರ್ ನೋಡಿಕೊಳ್ಳುವವನು ಇನ್ನೊಬ್ಬನಿದ್ದರೆ ಕರಕೊಂಡು ಬಾ ಅನ್ನುತ್ತಿದ್ದರು. ವೈರಿಂಗ್ ಮಾಡಲು ಬಂದ ಹುಡುಗರಿಗೆ ಬೈಯಲು ಶುರು ಮಾಡಿದರೆ ಅಂಗಳದ ತನಕ ಕೇಳಿಸುತ್ತಿತ್ತು. ಬೈದ ಮೇಲೆ ತಮ್ಮ ಡಬ್ಬಿ ಬಿಚ್ಚಿ ಅವರಿಗೇ ಕೊಡುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಎಣ್ಣೆ... ಆ ಹುಡುಗರು ಬೈಸಿಕೊಳ್ಳಲೆಂದೇ ಮತ್ತೆ ಮತ್ತೆ ಬರುತ್ತಿದ್ದರೋ ಏನೋ.

ನಮ್ಮ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಕಂಪನಿಯಲ್ಲಿ ಪ್ರತಿಯೊಬ್ಬರಿಗೂ ಸರ್ವರ್‌ನಲ್ಲಿ ಒಂದು ಖಾತೆ ಇರುತ್ತದೆ. ಹೆಸರು, ಪಾಸ್‌ವರ್ಡ್ ಹಾಕಿದರೆ ಒಳಗೆ. ಖಾತೆ ಲಾಕ್ ಆದರೆ ಹೊರಗೆ. ಮೇಲ್ ಇಲ್ಲ, ನಕ್ಷೆ ಇಲ್ಲ, ಕೆಲಸವೇ ಇಲ್ಲ. ಒಬ್ಬರ ಖಾತೆಯನ್ನು ಕೈಯಿಂದ ಲಾಕ್ ಮಾಡಬಹುದು. ಎಲ್ಲರದನ್ನೂ ಒಂದೇ ಏಟಿಗೆ ಮಾಡಬೇಕಾದರೆ ಸ್ಕ್ರಿಪ್ಟ್ ಬರೆಯಬೇಕು, ಅಂದರೆ ಕಂಪ್ಯೂಟರಿಗೆ ಸಾಲಾಗಿ ಕೊಡುವ ಅಪ್ಪಣೆಗಳು. ಕಾಕಾ ನನಗೆ ಮೊದಲು ಕಲಿಸಿದ್ದೇ ಅದನ್ನು. ನಾನು ಉತ್ಸಾಹದಿಂದ ಲಾಕ್ ಮಾಡುವ ಸ್ಕ್ರಿಪ್ಟ್ ಬರೆದು ತೋರಿಸಿದಾಗ ಅದನ್ನು ಓದಲೂ ಇಲ್ಲ.

“ಮುಚ್ಚೂದು ಯಾವ ಮಂಗ್ಯಾ ಬೇಕಾದ್ರೂ ಮಾಡ್ತಾನವಾ. ತಗಿಯೂದು ಮೊದಲ ಬರಿ.”

ತೆಗೆಯುವುದರಲ್ಲೇ ಕಷ್ಟವಿತ್ತು. ಕೆಲಸ ಬಿಟ್ಟು ಹೋದವರ ಖಾತೆಗಳು ಮೊದಲೇ ಮುಚ್ಚಿರುತ್ತವೆ. ಎಲ್ಲವನ್ನೂ ಕಣ್ಣು ಮುಚ್ಚಿ ತೆರೆದರೆ ಹೋದವರಿಗೂ ಬಾಗಿಲು ತೆರೆದಂತೆ. ಅದಕ್ಕೆ ಕಾಕಾನ ಸ್ಕ್ರಿಪ್ಟು ತಾನು ಮುಚ್ಚಿದ ಪ್ರತಿ ಖಾತೆಯ ಷರಾದ ಜಾಗದಲ್ಲಿ ಒಂದು ಗುರುತು ಬರೆದು ಬರುತ್ತಿತ್ತು. ತೆರೆಯುವಾಗ ಆ ಗುರುತಿದ್ದವರನ್ನು ಮಾತ್ರ ತೆರೆದು, ಗುರುತನ್ನು ಅಳಿಸುತ್ತಿತ್ತು. ಇನ್ನೊಂದು ನಿಯಮವಿತ್ತು. ಪಾಸ್‌ವರ್ಡ್ ತಪ್ಪು ಹಾಕಿ ಹಾಕಿ ಲಾಕ್ ಮಾಡಿಕೊಂಡವರು ಫೋನ್ ಮಾಡಿದರೆ ನಾನು ಮೊದಲು ಬೈಯುತ್ತಿದ್ದೆ. ಕಾಕಾ ಫೋನ್ ಕಸಿದುಕೊಳ್ಳುತ್ತಿದ್ದರು. “ಮೊದಲ ತಗದು ಕೊಡು, ಆಮ್ಯಾಲ ಬೈ. ಮಂದಿನ್ನ ಬಾಗಲದಾಗ ನಿಂದ್ರಿಸಿ ಮಾತಾಡಬಾರ್ದು.”

ಇನ್ನು ಖಂಡೇನವಮಿ. ಆ ದಿನ ಯಂತ್ರಗಳಿಗೆ ಪೂಜೆಯಾದ ಮೇಲೆ ದಸರಾ ಬೆಳಗಿನ ತನಕ ಯಾರೂ ಅವುಗಳನ್ನು ಮುಟ್ಟುವುದಿಲ್ಲ. ಲೇಥ್ ಮುಟ್ಟುವುದಿಲ್ಲ, ಕ್ರೇನ್ ಮುಟ್ಟುವುದಿಲ್ಲ. ನಮ್ಮ ಗೇಟಿನ ರಿಕ್ಷಾದವನು ಕೂಡ ರಿಕ್ಷಾ ತೊಳೆದು ನಿಲ್ಲಿಸಿಬಿಡುತ್ತಿದ್ದ. ಕಾಕಾನ ವಾದವೇನೆಂದರೆ, ಸರ್ವರ್ ಯಾಕೆ ಬೇರೆ? ಅದಕ್ಕೆ ಹೂ ಏರಿಸಿ, ಮನೆಯಲ್ಲಿ ಕೂತು ಅದನ್ನೇ ಕುಟ್ಟುತ್ತಿದ್ದರೆ ಅದು ಎಂಥ ಪೂಜೆ? ಹಾಗಾಗಿ ಅವತ್ತು ಸ್ಕ್ರಿಪ್ಟ್ ಓಡಿಸಿ ತಮ್ಮದೊಂದನ್ನು ಬಿಟ್ಟು ಎಲ್ಲರ ಖಾತೆ ಮುಚ್ಚುವುದು, ದಸರಾ ಬೆಳಿಗ್ಗೆ ಬನ್ನಿ ಹಂಚುವ ಮೊದಲು ತೆರೆಯುವುದು. ನಡುವೆ ಧೂಳು ಹೊಡೆದು, ಬ್ಯಾಕಪ್ ತೆಗೆದು ಮುಗಿಸುತ್ತಿದ್ದರು. ಆ ದಿನದ ಗುರುತಾಗಿ ಪ್ರತಿ ಖಾತೆಯಲ್ಲೂ ಇಂಗ್ಲಿಷ್ ಅಕ್ಷರಗಳಲ್ಲಿ ಖಂಡೇನವಮಿ ಅಂತಲೇ ಬರೆಸುತ್ತಿದ್ದರು.

ಇದಕ್ಕೊಂದು ಮರ್ಯಾದೆಯ ಕ್ರಮವಿತ್ತು. ಸ್ಕ್ರಿಪ್ಟಿನ ಹೆಸರು ಟೈಪ್ ಮಾಡುವವರು ಕಾಕಾ. ಎಂಟರ್ ಒತ್ತುವ ಗೌರವ ಮಾತ್ರ ಕಾರ್ಖಾನೆಯ ಹಿರಿಯರದು. ಹಳೆಯ ಶೇಠ್‌ಜಿ ಪ್ರತಿ ವರ್ಷ ಚಪ್ಪಲಿ ಬಿಟ್ಟು ಒಳಬಂದು, ಬೆರಳಿನ ಕುಂಕುಮವನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ದೀಪ ಹಚ್ಚುವಷ್ಟು ಭಕ್ತಿಯಿಂದ ಒತ್ತುತ್ತಿದ್ದರು. ಆ ಮೇಲೆ ಪೇಢೆ. ನಿಜ ಹೇಳುತ್ತೇನೆ, ಆಫೀಸಿನವರೆಲ್ಲ ಆ ಹೊತ್ತಿಗಾಗಿ ಕಾಯುತ್ತಿದ್ದರು. ವರ್ಷದಲ್ಲಿ ಅದೊಂದೇ ಹಬ್ಬಕ್ಕೆ ಯಾರ ಮನೆಗೂ ಸಾಹೇಬರ ಮೇಲ್ ಬರುತ್ತಿರಲಿಲ್ಲ.

ಶೇಠ್‌ಜಿ ಕಾರ್ಖಾನೆಯನ್ನು ದೊಡ್ಡ ಕಂಪನಿಗೆ ಮಾರಿದರು. ಎಲ್ಲೋ ದೂರದಲ್ಲಿ ಹೆಡ್ಡಾಫೀಸು, ನಮ್ಮಲ್ಲಿಗೆ ಹೊಸ ಪ್ಲಾಂಟ್ ಹೆಡ್ ಸಾಹೇಬ. ಇಸ್ತ್ರಿ ಮುರಿಯದ ಅಂಗಿ, ಎಲ್ಲರ ಹೆಗಲ ಮೇಲೂ ಕೈ. ಆ ವರ್ಷ ಖಂಡೇನವಮಿಯ ಮುಂಚೆ ಕಾಕಾ ನನ್ನನ್ನೂ ಕರೆದುಕೊಂಡು ಅವರ ಕ್ಯಾಬಿನ್‌ಗೆ ಹೋದರು. ಪದ್ಧತಿ ಹೀಗೀಗೆ, ಇಷ್ಟು ಹೊತ್ತು ಎಲ್ಲರ ಖಾತೆ ಮುಚ್ಚಿರುತ್ತದೆ, ಹೆಡ್ಡಾಫೀಸಿಗೆ ತಾವೊಂದು ಮಾತು ತಿಳಿಸಬೇಕು, ಎಂಟರ್ ತಾವೇ ಒತ್ತಬೇಕು ಅಂತ ಬಿಡಿಸಿ ಹೇಳಿದರು. ಸಾಹೇಬರು ಖುಷಿಯಾದರು. “ಕರಾ ಕಾಕಾ, ಕರಾ. ಪರಂಪರಾ ಆಹೇ ಆಪಲೀ! ವರ್ತೀ ಮೀ ಸಾಂಗತೋ.” ಮಾಡಿ, ನಮ್ಮ ಪರಂಪರೆಯಲ್ಲವೇ, ಮೇಲಿನವರಿಗೆ ನಾನು ಹೇಳುತ್ತೇನೆ. ಈ ಕಿವಿಯಲ್ಲಿ ಕೇಳಿದ್ದೇನೆ.

ಹೊಸ ಕಂಪನಿಯ ನಿಯಮದಂತೆ ಸರ್ವರ್ ರೂಮಿನೊಳಗೆ ಫೋನ್ ತರುವಂತಿರಲಿಲ್ಲ. ಹೊರಗಿನ ಡಬ್ಬದಲ್ಲಿ ಹಾಕಿ ಬರಬೇಕು. ಒಳಗೆ ನಾವು ಮೂವರೇ. ಉಳಿದವರು ಹೊರಗೆ ಪೇಢೆಗೆ ಕಾಯುತ್ತಿದ್ದರು. ಕಾಕಾ ತೆಂಗಿನಕಾಯಿ ಒಡೆಸಿದರು, ಆರತಿ ಮಾಡಿದರು, ಟೈಪ್ ಮಾಡಿ ಕುರ್ಚಿಯಿಂದ ಎದ್ದು ಪಕ್ಕಕ್ಕೆ ನಿಂತರು. ಸಾಹೇಬರು ಮುಂದೆ ಬಂದು, ಹಣೆಯ ಮೇಲೆ ದೊಡ್ಡ ಕುಂಕುಮ ಇಟ್ಟುಕೊಂಡು, ನಗುನಗುತ್ತ ಎಂಟರ್ ಒತ್ತಿದರು. ಪರದೆಯ ಮೇಲೆ ಹೆಸರುಗಳು ಸರಸರನೆ ಓಡಿದವು. ಎಲ್ಲರಿಗೂ ರಜೆ.

ಹೆಡ್ಡಾಫೀಸಿನಲ್ಲಿ ಎಲ್ಲ ಊರಿನ ಸರ್ವರ್‌ಗಳನ್ನು ಕಾಯುವ ಒಂದು ತಂಡವಿತ್ತು. ನಾಸಿಕ್‌ನ ಖಾತೆಗಳೆಲ್ಲ ಒಮ್ಮೆಲೇ ಲಾಕ್ ಆದದ್ದು ಕಂಡು ಯಾರೋ ದಾಳಿ ಮಾಡಿದ್ದಾರೆ ಅಂತ ಹೌಹಾರಿದರು. ಸಾಹೇಬರು ಅವರಿಗೆ ಏನೂ ಹೇಳಿರಲಿಲ್ಲ. ಮರೆತಿದ್ದರೋ, ಉದಾಸೀನವೋ, ದೇವರಿಗೇ ಗೊತ್ತು. ಆ ತಂಡದವರು ಫೋನ್ ಮಾಡಿ ಕೇಳಿದಾಗಲಾದರೂ ಪೂಜೆ ಅಂತ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಆ ಕಡೆಯ ದನಿ ಗಡುಸಾಗಿತ್ತು ಅಂತ ಕಾಣುತ್ತದೆ. ಸಾಹೇಬರು ಕೈ ತೊಳೆದುಕೊಂಡರು. ‘ನನಗೆ ಗೊತ್ತಿಲ್ಲ, ಕಾಕಾ ಏನೋ ಮಾಡಿದ್ದಾರೆ’ ಅಂದುಬಿಟ್ಟರು. ಬಾಯಲ್ಲಿ ಪೇಢೆಯ ಸಿಹಿ ಆರಿತ್ತೋ ಇಲ್ಲವೋ.

ಹೆಡ್ಡಾಫೀಸಿನವರು ಮಾಡಿದ ಮೊದಲ ಕೆಲಸ ಕಾಕಾನ ಖಾತೆಯನ್ನು ಲಾಕ್ ಮಾಡಿದ್ದು. ಎಂಥ ಜಾಣರು ನೋಡಿ! ತೆರೆಯುವ ಸ್ಕ್ರಿಪ್ಟ್ ಇದ್ದದ್ದು ಆ ಖಾತೆಯಲ್ಲೇ.

ದಸರಾ ಬೆಳಿಗ್ಗೆ ನಾನು ಬಂದಾಗ ಕಾಕಾ ಗೇಟಿನ ಹೊರಗೆ ನಿಂತಿದ್ದರು. ಹೊಸ ಅಂಗಿ, ಬಣ್ಣ ಹಚ್ಚಿದ ಮೀಸೆ, ಕೈಯಲ್ಲಿ ಬನ್ನಿ ಎಲೆ ತುಂಬಿದ ಚೀಲ. ಅವರ ಕಾರ್ಡಿಗೆ ಗೇಟು ತೆರೆದಿರಲಿಲ್ಲ. ವರ್ಷಗಟ್ಟಲೆ ಅವರ ಕೈಯಿಂದ ಬನ್ನಿ ತಗೊಂಡ ವಾಚ್‌ಮನ್ ನೆಲ ನೋಡುತ್ತ, “ವರೂನ್ ಆರ್ಡರ್ ಆಹೇ ಕಾಕಾ” ಅಂತ ಗೊಣಗುತ್ತಿದ್ದ. ಮೇಲಿನವರ ಅಪ್ಪಣೆ ಅಂತೆ. ಕಾಕಾ ಇದೇನೋ ಕಾರ್ಡಿನ ದೋಷ ಅಂತಲೇ ತಿಳಿದಿದ್ದರು. ನನ್ನನ್ನು ನೋಡಿ, “ಒಳಗ ಹೋಗಿ ಸಾಹೇಬ್ರಿಗೆ ಹೇಳವಾ. ಎಲ್ಲಾರೂ ಬರೂ ಹೊತ್ತಾತು, ಖಾತೆ ತಗೀಬೇಕು” ಅಂದರು. ಬಿಸಿಲಿಗೆ ಬನ್ನಿ ಬಾಡದಂತೆ ಚೀಲದ ಬಾಯಿ ಮಡಚಿ ಹಿಡಿದಿದ್ದರು...

ನಾನು ಓಡಿದೆ. ಕಾಕಾನ ಖಾತೆಯೊಂದನ್ನು ತೆಗೆಯಿರಿ, ಚಹಾ ಆರುವುದರೊಳಗೆ ಎಲ್ಲ ಸರಿಯಾಗುತ್ತದೆ ಅಂತ ಸಾಹೇಬರಿಗೆ ಹೇಳಿದೆ, ಹೆಡ್ಡಾಫೀಸಿಗೆ ಫೋನ್‌ನಲ್ಲಿ ಹೇಳಿದೆ, ಗಂಟಲು ಹರಿಯುವಂತೆ ಹೇಳಿದೆ. ಪ್ರತಿ ಖಾತೆಯ ಮೇಲೂ ಖಂಡೇನವಮಿ ಅಂತ ಬರೆದಿದೆಯಲ್ಲ, ಯಾವ ಕಳ್ಳ ತಾನು ಮುರಿದ ಮನೆಯ ಮೇಲೆ ಹಬ್ಬದ ಹೆಸರು ಬರೆದು ಹೋಗುತ್ತಾನೆ ಅಂತ ಕೇಳಿದೆ. ನೀನು ಟ್ರೇನಿ, ನಡುವೆ ಬರಬೇಡ ಅಂದರು. ಆಮೇಲೆ ಹೊರಗಿನವರನ್ನು ಕರೆಸಿ ಎಲ್ಲ ಖಾತೆಗಳನ್ನೂ ಧಡಧಡನೆ ತೆರೆಸಿದರು. ಕೆಲಸ ಬಿಟ್ಟವರದು, ತೀರಿಕೊಂಡವರದು, ಎಲ್ಲವೂ ತೆರೆದುಕೊಂಡವು. ಆ ಗೋಜಲು ಬಿಡಿಸುವ ತನಕ ಕಾರ್ಖಾನೆಯ ಅರ್ಧ ಕೆಲಸ ನಿಂತಿತು. ಅದನ್ನೂ ಕಾಕಾನ ತಲೆಗೇ ಕಟ್ಟಿದರು.

ವಿಚಾರಣೆ ಅಂತ ಒಂದು ನಾಟಕವಾಯಿತು. ಹೆಡ್ಡಾಫೀಸಿನಿಂದ ಒಬ್ಬರು ಬಂದಿದ್ದರು, ಕಾಕಾನ ಕೈಕೆಳಗಿನವಳೆಂದು ನನ್ನನ್ನೂ ಕರೆಸಿದ್ದರು. ಸ್ಕ್ರಿಪ್ಟ್ ಓಡಿದ್ದು ನಿಮ್ಮ ಖಾತೆಯಿಂದ, ಹೌದೋ ಅಲ್ಲವೋ? ಹೌದು. ಪರವಾನಿಗೆ ಬರಹದಲ್ಲಿತ್ತೋ? ಇರಲಿಲ್ಲ. ಅಲ್ಲಾ, ಪೂಜೆಗೆ ಯಾರಾದರೂ ಬರಹದ ಪರವಾನಿಗೆ ತಗೊಳ್ಳುತ್ತಾರೇನು? ಸಾಹೇಬರು ಅದೇ ಮೇಜಿಗೆ ಎದುರಾಗಿ ಕೂತಿದ್ದರು. ಕಂಪ್ಯೂಟರಿಗೆ ಖಾತೆ ಗೊತ್ತು, ಬೆರಳು ಗೊತ್ತಿಲ್ಲ. ಬೆರಳು ಯಾರದೆಂದು ಗೊತ್ತಿದ್ದವರು ಆ ಕೋಣೆಯಲ್ಲಿ ಮೂವರೇ.

ಕಾಕಾ ಕೆಲಸ ಉಳಿಸಿ ಅಂತ ಬೇಡಲಿಲ್ಲ. ಸಾಹೇಬರ ಕಡೆ ತಿರುಗಿ, ಅವರಿಗೆ ಅರ್ಥವಾಗುವ ಮರಾಠಿಯಲ್ಲಿ ಶುರು ಮಾಡಿದವರು ಸಿಟ್ಟಿನಲ್ಲಿ ಕನ್ನಡಕ್ಕೆ ಬಂದುಬಿಟ್ಟರು. “ಒಂದs ಒಂದು ಮಾತು ಹೇಳ್ರಿ ಸಾಹೇಬ್ರ. ನಿಮಗ ಗೊತ್ತಿತ್ತು ಅಂತ ಹೇಳ್ರಿ, ಎಂಟರ್ ನಾನs ಒತ್ತೀನಿ ಅಂತ ಹೇಳ್ರಿ. ನೌಕರಿ ನೀವs ಇಟಗೋರಿ. ನನ್ನ ಹೆಸರು ನನಗ ಕೊಡ್ರಿ.” ನಾನು ಎದ್ದು ನಿಂತು ಅದನ್ನು ಮರಾಠಿಯಲ್ಲಿ ಹೇಳಿದೆ. ಒತ್ತಿದ್ದು ಇವರೇ, ನಾನು ಕಂಡಿದ್ದೇನೆ ಅಂತಲೂ ಹೇಳಿದೆ. ಸಾಹೇಬರು ಫೋನಿನಲ್ಲಿ ಏನೋ ನೋಡುತ್ತಿದ್ದರು. ತಲೆ ಎತ್ತಲಿಲ್ಲ. ಹೆಡ್ಡಾಫೀಸಿನವರು, ಈ ಹುಡುಗಿ ಅವರ ಊರಿನವಳು, ಅವರ ಪರವಾಗಿಯೇ ಮಾತಾಡುತ್ತಾಳೆ ಅಂತ ನನ್ನನ್ನು ಕೂರಿಸಿದರು.

ಕಾಕಾನನ್ನು ತೆಗೆದುಹಾಕಿದರು. ಪೊಲೀಸ್ ಕೇಸ್ ಹಾಕುವುದಿಲ್ಲ, ಅದೇ ನಮ್ಮ ದೊಡ್ಡತನ ಅಂದರು. ನಾಸಿಕ್‌ನ ಕಾರ್ಖಾನೆಗಳೆಲ್ಲ ಒಂದೇ ಓಣಿ ಇದ್ದಂತೆ, ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಂಪನಿಯನ್ನೇ ಲಾಕ್ ಮಾಡಿದ ಮನುಷ್ಯ ಅಂತ ಹೆಸರಾಯಿತು. ಎಲ್ಲಿ ಹೋದರೂ ಚಹಾ ಕೊಟ್ಟು ಕಳಿಸಿದರು, ಕೆಲಸ ಕೊಡಲಿಲ್ಲ. ಕೊನೆಗೆ ತ್ರ್ಯಂಬಕೇಶ್ವರದ ಒಂದು ಲಾಡ್ಜಿನಲ್ಲಿ ರೂಮು ಬುಕ್ ಮಾಡುವ ಕಂಪ್ಯೂಟರ್ ನೋಡಿಕೊಳ್ಳಲು ನಿಂತರು.

ನಾನು ಶೇರ್ ಜೀಪಿನಲ್ಲಿ ಕೂತು ಆಗಾಗ ಹೋಗುತ್ತಿದ್ದೆ. ಮೀಸೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ನನ್ನ ಎದುರಿಗೇ ಒಮ್ಮೆ ಲಾಡ್ಜಿನ ಮಾಲೀಕ, ಕಾಕಾ, ನನ್ನ ಪಾಸ್‌ವರ್ಡ್ ಇದು, ನೀವೇ ಹಾಕಿಕೊಳ್ಳಿ ಅಂತ ಹೇಳಲು ಬಂದ. ಕಾಕಾ ಕುರ್ಚಿಯಿಂದ ಎದ್ದುಬಿಟ್ಟರು. ನನಗೆ ಹೇಳಬೇಡಿ, ನೀವೇ ಒತ್ತಿ ಅಂದವರೇ ಗೋಡೆಯ ಕಡೆ ಮುಖ ಮಾಡಿ ನಿಂತರು. ಮಾಲೀಕ ನಕ್ಕ. ನನಗೆ ಆ ಬೆನ್ನು ನೋಡಲು ಆಗಲಿಲ್ಲ, ನೀರು ಕುಡಿದು ಬರುತ್ತೇನೆಂದು ಹೊರಗೆ ಬಂದೆ. ನನ್ನನ್ನು ಜೀಪು ಹತ್ತಿಸುವಾಗ ಪ್ರತಿ ಸಲವೂ ಒಂದೇ ಪ್ರಶ್ನೆ, ಬೇರೆ ಏನೋ ಹೇಳುತ್ತ ನಡುವೆ ನುಸುಳಿಸಿದ ಹಾಗೆ: “ಸಾಹೇಬ್ರು ಏನರೆ ಅಂದ್ರೇನು?” ಇಲ್ಲ ಕಾಕಾ ಅನ್ನುತ್ತಿದ್ದೆ. “ಅಂತಾರ, ಅಂತಾರ. ಮನುಷ್ಯಾ ಅಲ್ಲೇನು ಅವರೂ” ಅನ್ನುತ್ತಿದ್ದರು. ಒಂದು ಮಳೆಗಾಲ ಅವರ ಹೆಂಡತಿಯ ಫೋನ್ ಬಂತು. ಎದೆ ನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ...

ಹೊಸ ಕಾರ್ಖಾನೆ ಎದ್ದ ಮೇಲೆ ನನಗೆ ಇತ್ತ ವರ್ಗವಾಯಿತು. ಮನೆ ಸಂಭಾಜಿನಗರದಲ್ಲಿ, ಕೆಲಸ ಬಿಡಕಿನ್‌ನಲ್ಲಿ. ಆ ಸಾಹೇಬರೂ ಮೇಲೇರಿ ಈಗ ಡೈರೆಕ್ಟರ್ ಆಗಿದ್ದಾರೆ. ಈ ಸಲದ ಫೋಟೋದಲ್ಲಿ ಸರ್ವರ್ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತವರು ಅವರೇ. ಹಣೆಯ ಮೇಲೆ ಅದೇ ಅಳತೆಯ ಕುಂಕುಮ.

ಆ ಮೇಲ್ ಓದಿ ನಾನಿನ್ನೂ ಹಲ್ಲು ಕಡಿಯುತ್ತಿದ್ದೆ, ಅಷ್ಟರಲ್ಲಿ ಫೋನ್ ಬಂತು. ಅವರೇ! ಪಾಸ್‌ವರ್ಡ್ ತಪ್ಪಿ ತಪ್ಪಿ ಖಾತೆ ಲಾಕ್ ಆಗಿದೆ, ಲೌಕರ್ ಉಘಡಾ, ಬೇಗ ತೆರೆಯಿರಿ, ಮೀಟಿಂಗ್ ಇದೆ ಅಂತ ಅವಸರ ಮಾಡಿದರು. ನನ್ನ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಸುಳ್ಳು ಯಾಕೆ ಹೇಳಲಿ, ಸಾಯಂಕಾಲದ ತನಕ ಹೊರಗೇ ನಿಂತಿರಲಿ ಅನ್ನಿಸಿತು. ಬಿಸಿಲಲ್ಲಿ ಒಬ್ಬರು ನಿಂತಿದ್ದರಲ್ಲ, ಹಾಗೆ. ಆದರೆ ಕಲಿಸಿದವರು ಕಾಕಾ. ಮೊದಲು ತೆಗೆದುಕೊಟ್ಟೆ.

ಆಮೇಲೆ ಕೇಳಿದೆ. ನಾಸಿಕ್‌ನಲ್ಲಿ ಖಂಡೇನವಮಿಗೆ ಸರ್ವರ್ ಪೂಜೆ ಮಾಡಿಸುತ್ತಿದ್ದ ಕಾಕಾ ನೆನಪಿದ್ದಾರಾ ಸಾಹೇಬರೇ? “ಕೋಣ್ ಕಾಕಾ?” ಯಾವ ಕಾಕಾ ಅಂದರು. ಅವತ್ತು ನೀವು ಎಂಟರ್ ಒತ್ತಿದಿರಲ್ಲ, ಆ ಕಾಕಾ ಅಂದೆ. “ಅರೇ ಹೋ... ತೇ ಪೂಜೇವಾಲೇ ಕಾಕಾ! ಕಸೇ ಆಹೇತ್ ಆತಾ?”

ಈಗ ಹೇಗಿದ್ದಾರೆ ಅಂತ ಕೇಳುತ್ತಾರೆ! ತೀರಿಕೊಂಡರು ಅಂದೆ. ಸಾಯುವ ತನಕ ನಿಮ್ಮ ಒಂದೇ ಮಾತಿಗೆ ಕಾದರು, ನನ್ನ ಹೆಸರು ನನಗೆ ಕೊಡಿ ಅಂತ ಕೇಳಿದ್ದರು, ಈಗಲಾದರೂ ಹೇಳಿ, ಒತ್ತಿದ ಬೆರಳು ನಿಮ್ಮದು ಅಂತ ಹೇಳಿ, ನಾನು ಅವರ ಮನೆಗೆ ಹೋಗಿ ಮುಟ್ಟಿಸುತ್ತೇನೆ ಅಂದೆ. ಬೈಯಬೇಕು ಅಂದುಕೊಂಡಿದ್ದೆ, ಬೇಡಿಕೊಂಡ ಹಾಗಾಯಿತು. “ವಾಈಟ್ ಝಾಲಂ,” ಕೆಟ್ಟದ್ದಾಯಿತು ಅಂದರು. ಆಮೇಲೆ, ಮೀಟಿಂಗಿಗೆ ಕರೆಯುತ್ತಿದ್ದಾರೆ, ಹ್ಯಾಪಿ ದಸರಾ ಅಂತ ಹೇಳಿ ಫೋನ್ ಇಟ್ಟರು.

ಹಳೆಯ ಖಾತೆಗಳನ್ನು ನಮ್ಮಲ್ಲಿ ಅಳಿಸುವುದಿಲ್ಲ. ಕಾಕಾನ ಹೆಸರು ಹುಡುಕಿದೆ, ಸಿಕ್ಕಿತು. ಪಕ್ಕದಲ್ಲಿ ಹೆಡ್ಡಾಫೀಸಿನವರು ಅವತ್ತು ಹಾಕಿದ ಬೀಗದ ಗುರುತು ಹಾಗೇ ಇದೆ. ಈಗ ಅದನ್ನು ತೆಗೆಯುವ ಅಧಿಕಾರ ನನಗಿದೆ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಬಾಗಿಲು ತೆರೆಯುತ್ತದೆ. ತೆರೆದು ಯಾರನ್ನು ಒಳಗೆ ಕರೆಯಲಿ?